ಹಿಡಿದುಕೊಂಡ ತಪ್ಪಿಗೆ

“ಮುಖ ಮುಂದೆ ತಾರೇ ಮುಂಡೇದೆ. ಹೊಡೆಸ್ಕೊಳ್ಳೋಕೆ ಕರ್ಸಿದ್ರೆ ಹೊಸ ಸೊಸೆ ಥರ ಮೂಲೆ ಸೇರ್ತೀಯಲ್ಲ” ಎಂದು ಧಣಿ ಕುರ್ಚಿಯಲ್ಲಿ ಕೂತೇ ಗದರಿದ.

ರಿಂಗಿನ ಮೂಲೆಯಲ್ಲಿದ್ದ ಇಸ್ತ್ರಿಯವಳು ಮುಖ ಮುಂದೆ ತಂದಳು. ಧಣಿಯ ಮಗಳು ಸಣ್ಣಮ್ಮ ಮೂಗಿಗೆ ಸರಿಯಾಗಿ ಒಂದು ಬಿಟ್ಟಳು.

ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಕಾರ್ಖಾನೆ ಧಣಿಯದು. ಮಗಳು ಬಾಕ್ಸಿಂಗ್ ಕಲಿಯಬೇಕೆಂದು ಹಟ ಹಿಡಿದಾಗ ಹಿಂದಿನ ಗೋದಾಮಿನಲ್ಲೇ ರಿಂಗ್ ಕಟ್ಟಿಸಿದ. ರಿಂಗೇನೋ ಆಯಿತು, ಹೊಡೆಯಲು ಒಂದು ಜೀವ ಬೇಕಲ್ಲ. ಇಸ್ತ್ರಿಯವರ ಪೈಕಿ ಗಟ್ಟಿಮುಟ್ಟಾಗಿದ್ದ ಇವಳ ಎದೆಗೆ ದಪ್ಪ ಹತ್ತಿಯ ಕವಚ ಕಟ್ಟಿ ನಿಲ್ಲಿಸಿ, ದಿಂಬು ಎಂದು ಹೆಸರಿಟ್ಟರು. ತಿರುಗಿ ಹೊಡೆಯಕೂಡದು, ಸಣ್ಣಮ್ಮ ಆಯತಪ್ಪಿದರೆ ನೆಲ ಮುಟ್ಟಲು ಬಿಡಕೂಡದು, ಇಷ್ಟೇ ಕರಾರು. ಸಣ್ಣಮ್ಮ ಜೋರಾಗಿ ಕೈ ಬೀಸಿ ತಾನೇ ಮುಗ್ಗರಿಸುವುದು ದಿನದ ಮಾತಾಗಿತ್ತು. ದಿಂಬು ಪೆಟ್ಟೂ ತಿಂದು, ಹೊಡೆದವಳನ್ನೂ ಹಿಡಿದು ನಿಲ್ಲಿಸುತ್ತಿದ್ದಳು.

ಒಗೆಯುವ ಕೊಟ್ಟಿಗೆಯಲ್ಲಿ ಅವಳ ಸೋದರತ್ತೆ ಇದ್ದಳು. ಬಾಯಿ ಜೋರು, ಕರುಳು ಮೆತ್ತಗೆ. ಪಟ್ಟಣದ ಬಾಕ್ಸಿಂಗ್ ಪಂದ್ಯದಲ್ಲಿ ಸಣ್ಣಮ್ಮನ ಎದುರು ಸೋದರಸೊಸೆಯ ಹೆಸರು ಬರೆಸಿದವಳು ಅವಳೇ. ಗೆದ್ದವಳಿಗೆ ದೊಡ್ಡ ತಂಡದ ಶಿಬಿರದಲ್ಲಿ ಜಾಗ, ಹೊಟ್ಟೆ ತುಂಬ ಊಟ, ಮುಂದೆ ಪೊಲೀಸ್ ನೌಕರಿ. ಸುಡುವ ಹಬೆಯಲ್ಲಿ ಕೈ ಬೇಯಿಸಿಕೊಳ್ಳುವುದು ತಪ್ಪಿದರೆ ಸಾಕೆಂದು ದಿಂಬು ಆಸೆಪಟ್ಟಳು. ಸುದ್ದಿ ಕೇಳಿ ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬರಲಿ ಬಿಡು, ಹೊಡೆಸಿಕೊಂಡು ಅಭ್ಯಾಸವಾಗಿದೆ, ಮಗಳಿಗೂ ಸಲೀಸು ಎಂದ.

ಪಂದ್ಯದ ದಿನ ಮೇಜಿನ ಹಿಂದೆ ಮೂವರು ತೀರ್ಪುಗಾರರು. ಒಬ್ಬ ಧಣಿಯ ಭಾವಮೈದ. ಉಳಿದಿಬ್ಬರು ಮಧ್ಯಾಹ್ನ ಧಣಿಯ ಮನೆಯಲ್ಲೇ ಉಂಡು ಬಂದು ಇನ್ನೂ ಹಲ್ಲಿಗೆ ಕಡ್ಡಿ ಹಾಕುತ್ತಿದ್ದರು. ಅತ್ತೆ ದಿಂಬುವಿನ ಗ್ಲೌಸ್ ಬಿಗಿಯುತ್ತಾ, “ನೆಲಕ್ಕೆ ಕೆಡವಿದ್ರೆ ಗೆದ್ದೆ. ಕೆಡವ್ದೆ ಇದ್ರೆ ಆ ಮೂರು ಜನದ ಕೈಗೆ ಸಿಕ್ತೀಯ, ನಾಯಿಪಾಡು” ಎಂದಳು.

ಮೊದಲ ಸುತ್ತು ಪೂರ್ತಿ ದಿಂಬುವಿನದು. ತಿರುಗಿ ಹೊಡೆಯುವುದರಲ್ಲಿ ಇಷ್ಟು ಸುಖವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎರಡನೆಯ ಸುತ್ತೂ ಅವಳದೇ. ಅಷ್ಟರಲ್ಲಿ ಉಂಡದ್ದು ತಲೆಗೇರಿ ಒಬ್ಬ ತೀರ್ಪುಗಾರ ಗೊರಕೆ ಹೊಡೆಯುತ್ತಿದ್ದ. ಕೊನೆಯ ಸುತ್ತಿನಲ್ಲಿ ಅವಳ ಬಲಗೈ ನೇರ ಸಣ್ಣಮ್ಮನ ದವಡೆಗೆ ಬಿತ್ತು. ಸಣ್ಣಮ್ಮನ ಕಣ್ಣು ಮೇಲೆ ಹೋಯಿತು, ಮೊಣಕಾಲು ಮಡಚಿತು. ಇನ್ನೇನು ಬಿದ್ದಳು ಎನ್ನುವಷ್ಟರಲ್ಲಿ ದಿಂಬು ಮುಂದೆ ಹಾರಿ ಅವಳ ಕಂಕುಳಿಗೆ ಕೈಕೊಟ್ಟು ಹಿಡಿದುಬಿಟ್ಟಳು.

ಯೋಚಿಸಿ ಮಾಡಿದ್ದಲ್ಲ. ಬಿದ್ದರೆ ಹಿಡಿಯಬೇಕು ಎಂಬುದು ಆ ಕೈಗಳಿಗೆ ಅಷ್ಟು ರೂಢಿಯಾಗಿತ್ತು.

“ಬಿಡೇ ಅವಳನ್ನ, ಅನಿಷ್ಟದವಳೇ! ನೀನು ಹೆತ್ತ ಮಗೂನಾ ಅದು?” ಎಂದು ಅತ್ತೆ ಕಿರುಚಿದಳು. ದಿಂಬು ಬಿಡುವಷ್ಟರಲ್ಲಿ ಗಂಟೆ ಹೊಡೆಯಿತು.

ಮೂವರೂ ಸಣ್ಣಮ್ಮನೇ ಗೆದ್ದಳೆಂದರು. ನಿದ್ದೆ ಹೋದವನು ನಿದ್ದೆ ಹೋದ ಸುತ್ತಿಗೇ ಅವಳಿಗೆ ಪೂರ್ತಿ ಅಂಕ ಕೊಟ್ಟಿದ್ದ. ರೆಫರಿ ಸಣ್ಣಮ್ಮನ ಕೈಯೆತ್ತಿದಾಗ ಪಾಪ, ಅವಳಿಗೆ ಯಾವ ಕಡೆ ನೋಡಿ ನಗಬೇಕೆಂದು ತಿಳಿಯಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. ಎದುರಾಳಿಯನ್ನು ಹಿಡಿದುಕೊಳ್ಳುವುದು ನಿಯಮಕ್ಕೆ ವಿರುದ್ಧ, ಅದಕ್ಕೇ ದಿಂಬುವಿನ ಅಂಕ ಕಡಿತವಾಯಿತು ಎಂದು ಭಾವಮೈದ ಗಂಭೀರವಾಗಿ ವಿವರಿಸಿದ. ಅತ್ತೆ ಮೇಜಿನ ಹತ್ತಿರ ಹೋಗಿ ಅವರವರ ಅಪ್ಪಂದಿರ ವಿಚಾರ ಎತ್ತಿದ್ದಕ್ಕೆ ಅವಳನ್ನು ಹೊರಗೆ ದಬ್ಬಿದರು. ಧಣಿ ಮಾತ್ರ ದಿಂಬುವಿನ ಬೆನ್ನು ತಟ್ಟಿ, ಪರವಾಗಿಲ್ಲ, ಚೆನ್ನಾಗೇ ಪೆಟ್ಟು ತಿಂದೆ ಎಂದ.

ಮನೆಗೆ ಬಂದು ದಿಂಬು ಬಿಕ್ಕಿ ಬಿಕ್ಕಿ ಅತ್ತಳು. ಸೋತದ್ದಕ್ಕಲ್ಲ, ತನ್ನ ಕೈಯೇ ತನಗೆ ದ್ರೋಹ ಮಾಡಿತಲ್ಲ ಎಂಬ ಸಂಕಟಕ್ಕೆ. ಆ ಕೈ ಕಡಿದು ಹಾಕಬೇಕು ಎಂದು ಬೈಯುತ್ತಲೇ ಅತ್ತೆ ತುತ್ತು ಮಾಡಿ ಬಾಯಿಗಿಟ್ಟಳು.

ಸೋಮವಾರ ಬೆಳಗ್ಗೆ ಗೋದಾಮಿಗೆ ಕರೆ ಬಂತು. ಶಿಬಿರಕ್ಕೆ ಹೋಗುವ ಮುಂಚೆ ಸಣ್ಣಮ್ಮನ ಕೈ ಪಳಗಬೇಕಿತ್ತು. ದಿಂಬು ಹತ್ತಿಯ ಕವಚವನ್ನು ಮೊಳೆಯಲ್ಲೇ ಬಿಟ್ಟು, ಗ್ಲೌಸ್ ಹಾಕಿಕೊಂಡು ರಿಂಗ್ ಹತ್ತಿದಳು. ಕವಚ ಎಲ್ಲಿ ಎಂದು ಧಣಿ ಕೇಳಿದ.

“ಇವತ್ತು ಅದು ಬೇಡ ಧಣಿ. ಅಂಕ ಹಾಕೋರೂ ಯಾರೂ ಇಲ್ವಲ್ಲ, ಇಬ್ಬರೂ ಆಡೋಣ. ಆದ್ರೆ ಬಿದ್ರೆ ನಾನು ಹಿಡ್ಕೊಳ್ಳಲ್ಲ.”

ಕೆಲಸ ಕಳಕೊಳ್ಳುತ್ತೀಯ ರಂಡೆ ಎಂದು ಧಣಿ ಕೂಗಿದ. ಅವಳು ಅವನತ್ತ ತಿರುಗಲಿಲ್ಲ. ಹಬೆ ಕೋಣೆಯ ಹೆಂಗಸರು ಇಸ್ತ್ರಿ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು, ಎಲ್ಲರ ಮುಂದೆ ಅತ್ತೆ. ದಿಂಬು ಕೆಳಗಿನ ಹಗ್ಗವನ್ನು ಕಾಲಿನಿಂದ ಒತ್ತಿ ಒಳಬರಲು ದಾರಿ ಮಾಡಿ, ಬನ್ನಿ ಎಂದಳು.

ಸಣ್ಣಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಇನ್ನೊಂದು ಕಾಲು ನೆಲ ಬಿಟ್ಟು ಮೇಲೇಳಲಿಲ್ಲ.