ಅತ್ತಿಲ್ಲ ಸಾ

ಪ್ರೊಫೆಸರ್ ಅಮೃತೇಶ್ ಮೈಸೂರಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದುದು ಒಂದೇ ವಿಷಯ: ಕಾಯಿಲೆ ಬರುವುದು ಬರೀ ಕ್ರಿಮಿಯಿಂದಲ್ಲ, ಜಾತಿಯಿಂದ, ಬಡತನದಿಂದ, ಹುಟ್ಟಿದ ಬೀದಿಯಿಂದಲೂ ಬರುತ್ತದೆ. ಪಾಠವೇನೋ ಅಪ್ಪಟ ಸತ್ಯ. ಹೇಳಿ ಹೇಳಿ ಅವರ ಗಂಟಲು ಸವೆದಿತ್ತೇ ಹೊರತು ಕಾಲು ಸವೆದಿರಲಿಲ್ಲ.

ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಬನ್ನೂರಿನ ಕವನಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಚಿಕ್ಕಯ್ಯನಛತ್ರದ ಆಚೆಯ ಹಳ್ಳಿಯೊಂದರಲ್ಲಿ ಬಿಪಿ ತಪಾಸಣೆ ಇಟ್ಟಾಗ ಜಾಗ ಆರಿಸಿದವರು ಪ್ರೊಫೆಸರರೇ: ಊರ ಯಜಮಾನ ರಾಜೇಂದ್ರಪ್ಪನವರ ಮನೆಯ ಜಗಲಿ. ಅಲ್ಲಿ ಫ್ಯಾನಿತ್ತು, ಕಾಫಿಯಿತ್ತು. ಊರಾಚೆಯ ದಲಿತ ಕಾಲೋನಿಯಿಂದ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ.

“ಅರಿವಿನ ಕೊರತೆ,” ಎಂದು ಬರೆದುಕೊಂಡು ಪ್ರೊಫೆಸರರು ಎರಡನೇ ಲೋಟ ಕಾಫಿ ತರಿಸಿದರು. “ಕವನ, ನೀನು ಹೋಗಿ ಯಾಕೆ ಬರ್ಲಿಲ್ಲ ಅಂತ ರೆಕಾರ್ಡ್ ಮಾಡ್ಕೊಂಡು ಬಾ. ಜನರ ಮಾತು ಇದ್ದ ಹಾಗೇ ಟೈಪ್ ಆಗ್ಬೇಕು. ಒಂದಕ್ಷರ ತಿದ್ದಬಾರದು.”

ಕಾಲೋನಿಯ ಮೊದಲ ಮನೆಯಲ್ಲಿ ಕೂಲಿಯ ಮಾದಮ್ಮ ತಲೆನೋವಿಗೆ ಬಟ್ಟೆ ಬಿಗಿದುಕೊಂಡು ಕೂತಿದ್ದಳು. ಬಿಪಿ ನೋಡಿದರೆ ನೂರ ತೊಂಬತ್ತು. ತಿಂಗಳು ತಿಂಗಳು ಮಾತ್ರೆ ಸಿಗದಿದ್ದರೆ ಈ ಹೆಂಗಸು ಒಂದು ದಿನ ಕೈಕಾಲು ಬಿದ್ದು ಮಲಗುತ್ತಾಳೆ.

“ತೋರ್ಸಕೆ ಯಾಕವ್ವ ಬರ್ನಿಲ್ಲ?”

“ನಾವು ಯಾವತ್ತೂ ಅತ್ತಿಲ್ಲ ಕಣವ್ವ. ನಮ್ಮಪ್ಪನೂ ಅತ್ತಿಲ್ಲ, ನಮ್ಮ ತಾತನೂ ಅತ್ತಿಲ್ಲ.”

ಆ ಸೀಮೆಯಲ್ಲಿ ಹಕಾರಕ್ಕೆ ಕವಡೆ ಕಿಮ್ಮತ್ತಿಲ್ಲ. ಹಳ್ಳಿ ಅಳ್ಳಿ, ಹಾಲು ಆಲು. ಆ ಜಗಲಿಯನ್ನು ಮೂರು ತಲೆಮಾರು ಹತ್ತಿಲ್ಲ ಎಂಬುದು ಕವನಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳ ಮನೆಮಾತೂ ಅದೇ. ಅಪ್ಪಣೆಯಂತೆ ಒಂದಕ್ಷರ ತಿದ್ದದೆ ಟೈಪ್ ಮಾಡಿ ಕೊಟ್ಟಳು.

ಪ್ರೊಫೆಸರರು ಓದಿದರು. ಅತ್ತಿಲ್ಲ! ಮೂರು ತಲೆಮಾರು ಕಣ್ಣೀರನ್ನೇ ಹಾಕಿಲ್ಲ! ಓದಿದವರ ಕಣ್ಣಲ್ಲೇ ನೀರಾಡಿತು. ವಾರದೊಳಗೆ ವರದಿ ಸಿದ್ಧವಾಯಿತು: ‘ದುಃಖ ನುಂಗುವ ಸಂಸ್ಕೃತಿ ಮತ್ತು ರಕ್ತದೊತ್ತಡ’. ಪರಿಹಾರವೆಂದರೆ ಕಾಲೋನಿಯವರಿಗೆ ಮನಬಿಚ್ಚಿ ಅಳುವ ತರಬೇತಿ. ಪ್ರತಿ ತಿಂಗಳ ಬಿಪಿ ಕ್ಲಿನಿಕ್ಕಿಗೆ ಮಾತ್ರ ಅದೇ ಜಗಲಿ ಶಿಫಾರಸಾಯಿತು.

“ಸಾರ್, ಅದು ಅಳೋದಲ್ಲ...”

“ನೀನು ಡೇಟಾ ಕೊಡಮ್ಮ. ಅರ್ಥ ನಾನು ಮಾಡ್ತೀನಿ.”

ಅವಳ ಪಿಎಚ್‌ಡಿ ಪ್ರಬಂಧಕ್ಕೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ. ಕವನ ಬಾಯಿ ಮುಚ್ಚಿಕೊಂಡಳು, ಮುಚ್ಚಿಕೊಂಡಿದ್ದಕ್ಕೆ ತನಗೆ ತಾನೇ ಹೇಸಿಕೊಂಡಳು.

ವರದಿ ಒಪ್ಪಿಸುವ ಸಭೆಯೂ ಆ ಜಗಲಿಯ ಮೇಲೇ ನಡೆಯಿತು. ತಾಲ್ಲೂಕಿನ ವೈದ್ಯಾಧಿಕಾರಿ ಚೈತ್ರ ಹೊಸಬರು, ಕ್ಲಿನಿಕ್ಕಿನ ಆದೇಶಕ್ಕೆ ಸಹಿ ಹಾಕಲು ಬಂದಿದ್ದರು. ಕಾಲೋನಿಯವರು ಕೆಳಗೆ ಬಿಸಿಲಲ್ಲಿ ನಿಂತಿದ್ದರು. ಪ್ರೊಫೆಸರರು ಮೈಕು ಹಿಡಿದರು.

“ಈ ತಾಯಿ ಇಂದಿನವರೆಗೆ ಅತ್ತಿಲ್ಲ! ನಿಜ ತಾನೇ ಮಾದಮ್ಮ?”

“ಊ ಸಾ, ಅತ್ತಿಲ್ಲ.”

“ಯಾಕಮ್ಮ?”

“ಬುಟ್ಟಿಲ್ಲ ಸಾ. ಅದ್ಕೇ ಅತ್ತಿಲ್ಲ.”

“ಕೇಳಿದಿರಾ? ಅಳೋದಕ್ಕೂ ಬಿಟ್ಟಿಲ್ಲವಂತೆ!” ಅವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಜಗಲಿಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ರಾಜೇಂದ್ರಪ್ಪ ಒಬ್ಬರು ತಟ್ಟಲಿಲ್ಲ. ಅವರು ಅದೇ ಊರಿನವರು, ಅವರಿಗೆ ಮೊದಲ ಸಲಕ್ಕೇ ಅರ್ಥವಾಗಿತ್ತು. ಹೆಗಲ ಟವೆಲಿನ ಅಂಚನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ಚೈತ್ರ ಪೆನ್ನಿನ ಮುಚ್ಚಳ ತೆಗೆದರು. ಕವನ ಎದ್ದು ನಿಂತಳು.

“ಮೇಡಂ, ಅದು ‘ಅತ್ತಿಲ್ಲ’ ಅಲ್ಲ, ‘ಹತ್ತಿಲ್ಲ’. ಹಕಾರ. ಇವರನ್ನ ಹತ್ತೋಕೆ ಬಿಟ್ಟಿಲ್ಲ.”

“ಏನನ್ನ ಹತ್ತೋಕೆ?”

ಮಾದಮ್ಮ ಕೈ ಎತ್ತಿ ತೋರಿಸಿದಳು. ಪ್ರೊಫೆಸರರ ಸಾಕ್ಸಿನ ಪಾದದಡಿ ಇದ್ದ ಚಪ್ಪಡಿ ಕಲ್ಲು ಅದು. ಚೈತ್ರ ಆದೇಶದಲ್ಲಿ ಜಗಲಿ ಎಂದಿದ್ದುದನ್ನು ಹೊಡೆದುಹಾಕಿ ‘ಕಾಲೋನಿ ಸಮುದಾಯ ಭವನ’ ಎಂದು ಬರೆದು ಸಹಿ ಮಾಡಿದರು.

“ಇದನ್ನು ಅಡಿಟಿಪ್ಪಣಿಯಲ್ಲಿ ಸೇರಿಸಬಹುದು,” ಎಂದರು ಪ್ರೊಫೆಸರರು.

ಕವನ ಬಿಪಿ ಮಿಷನ್ನು ಎತ್ತಿಕೊಂಡು ಕೆಳಗಿಳಿದು ಮಾದಮ್ಮನ ತೋಳಿಗೆ ಪಟ್ಟಿ ಸುತ್ತಿದಳು.

“ಕವನ, ಗ್ರೂಪ್ ಫೋಟೋ ಇದೆ. ಮೇಲೆ ಬಾ.” ದನಿಯಲ್ಲಿ ಪ್ರಬಂಧದ ಸಹಿಯ ನೆನಪು ಮಾಡಿಸುವ ಗಡಸಿತ್ತು.

ಕವನ ತಲೆ ಎತ್ತಲಿಲ್ಲ.

“ನೀವೇ ಇಳೀರಿ ಸಾರ್. ಎರಡೇ ಮೆಟ್ಲು.”