ಎರಡನೆಯ ತಪ್ಪು

ರೋಮಿನಿಂದ ಗಡಿಪಾರಾಗಿ ನಮ್ಮ ಸೆರಿಫೋಸ್ ದ್ವೀಪಕ್ಕೆ ಬಂದು ಬಿದ್ದ ಕವಿ ಅಲ್ಬಿಡಿಯುಸ್‌ಗೆ ಇಲ್ಲಿನ ಯಾವುದೂ ಸರಿಬರಲಿಲ್ಲ. ನೀರು ಉಪ್ಪು, ಮೇಕೆಹಾಲಿನ ಚೀಸು ನಾತ, ನಾವಂತೂ ಗ್ರೀಕರು! ಅರಮನೆಯವರ ಮೇಲೆ ನಾಲ್ಕು ಸಾಲು ಕುಹಕ ಬರೆದದ್ದಕ್ಕೆ ಈ ಶಿಕ್ಷೆ. ಒಂಬತ್ತು ವರ್ಷದಿಂದ ಅವನು ಊರಿಗೆ ಕಳಿಸಿದ ಒಂದೊಂದು ಪದ್ಯದಲ್ಲೂ ಅದೇ ಗೋಳು: ಲ್ಯಾಟಿನ್ ಮರೆತುಹೋಗುತ್ತಿದೆ, ನಾಲಿಗೆಗೆ ತುಕ್ಕು ಹಿಡಿದಿದೆ, ಕರುಣೆ ತೋರಿಸಿ. ಎಲ್ಲ ಬರೀ ನಾಟಕ. ಹಾಗೆ ಗೋಳಾಡುವಾಗಲೂ ಒಂದು ಮಾತ್ರೆ ಆಚೀಚೆ ಆಗುತ್ತಿರಲಿಲ್ಲ. ಅದಕ್ಕೇ ಅಲ್ಲಿ ಯಾರೂ ನಂಬುತ್ತಲೂ ಇರಲಿಲ್ಲ.

ಈ ವಸಂತದಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ನಲವತ್ತು ಸಾಲಿನ ಹೊಸ ಬಿನ್ನಹದ ಏಳನೆಯ ಸಾಲಿನಲ್ಲಿ, ಗುರು ಇರಬೇಕಾದ ಕಡೆ ಒಂದು ಲಘು ಕೂರಿಸಿದ.

ಅವನಿಗೆ ಕೋಣೆ ಕೊಟ್ಟಿದ್ದ ವಿಧವೆ ಮಿರ್ತಲೆ ಬೇಳೆ ಆರಿಸುತ್ತಾ ನೋಡುತ್ತಿದ್ದಳು. "ಮತ್ತೆ ಬೆರಳು ಮಡಚೋಕೆ ಶುರು ಹಚ್ಕೊಂಡ್ರಾ? ಏನಿವತ್ತು, ನಗು ಬೇರೆ?"

"ಒಂದು ತಪ್ಪು ಮಾಡಿದೀನಿ ಕಣೇ. ಬೇಕಂತಲೇ."

"ಅಯ್ಯೋ, ಚೆನ್ನಾಗಿದೆ! ನಾವೆಲ್ಲ ತಪ್ಪು ಮಾಡಿ ಮುಚ್ಚಿಡ್ತೀವಿ, ನೀವು ಹಡಗು ಹತ್ತಿಸಿ ಕಳಿಸ್ತೀರಾ?"

"ಇದನ್ನ ಕೇಳಿದ್ರೆ ಅಲ್ಲಿನ ಕಲ್ಲೂ ಕರಗತ್ತೆ. ಪಾಪ, ಅಲ್ಬಿಡಿಯುಸ್‌ಗೇ ಹಿಂಗಾಯ್ತಲ್ಲ ಅಂತಾರೆ. ನೋಡ್ತಿರು."

ಶರತ್ಕಾಲದ ಹೊತ್ತಿಗೆ ಗೆಳೆಯ ಫಾನ್ನಿಯುಸ್‌ನ ಕಾಗದ ಬಂತು. ಕ್ಷಮೆ ಸಿಕ್ಕಿತ್ತು! ಅಲ್ಬಿಡಿಯುಸ್ ಮಿರ್ತಲೆಯ ಕೈ ಹಿಡಿದು ಅಂಗಳದಲ್ಲಿ ಕುಣಿದೇಬಿಟ್ಟ. ಕಾಗದ ತಂದ ಹಡಗಿನಲ್ಲೇ ಹೊರಡುತ್ತೇನೆಂದು ಗಂಟು ಕಟ್ಟಿದ. ಉಳಿದರ್ಧ ಕಾಗದ ಓದಿದ್ದು ಆಮೇಲೆ.

"ಬಿನ್ನಹವನ್ನು ಅರಮನೆಯ ಔತಣದಲ್ಲಿ ನಾನೇ ಓದಿದೆ. ಏಳನೆಯ ಸಾಲಿಗೆ ಎಲ್ಲರೂ ನಕ್ಕರು. ಕಳ್ಳ, ಬೇಕೆಂದೇ ಮಾಡಿದ್ದಾನೆ ಎಂದರು. ಆದರೆ ಎರಡನೆಯ ತಪ್ಪಿಗೆ ಯಾರೂ ನಗಲಿಲ್ಲ, ಗೆಳೆಯಾ. ಅಂಥದ್ದನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಇವನ ನಾಲಿಗೆಗೆ ಇನ್ನೇನು ಹೆದರುವುದು, ಬರಲಿ ಬಿಡಿ ಎಂದು ದೊರೆಯೇ ಹೇಳಿದರು."

ಎರಡನೆಯದೇ? ಅಲ್ಬಿಡಿಯುಸ್ ಗಂಟು ಬಿಚ್ಚಿ ತನ್ನ ಪ್ರತಿ ಹುಡುಕಿ ತೆಗೆದ. ಒಂದು ಸಲ ಎಣಿಸಿದ, ಮೂರು ಸಲ ಎಣಿಸಿದ. ಏಳನೆಯದು ಬಿಟ್ಟರೆ ಒಂದು ಅಕ್ಷರವೂ ತಪ್ಪಿದಂತೆ ಅವನಿಗೆ ಕಾಣಲಿಲ್ಲ. "ಸುಳ್ಳು ಹೇಳ್ತಾರೆ, ಹಲ್ಕಾ ನನ್ಮಕ್ಳು!" ಎಂದು ಬೈದ. ಫಾನ್ನಿಯುಸ್ ಸುಳ್ಳು ಹೇಳುವವನಲ್ಲವೆಂದು ಅವನಿಗೂ ಗೊತ್ತಿತ್ತು.

ಬಂದರಿನಿಂದ ಹಡಗಿನವರು ಕೂಗು ಹಾಕಿದರು.

"ಹೊರಡಿ ಮಾರಾಯ್ರೆ, ಹಡಗು ಕಾಯಲ್ಲ," ಎಂದಳು ಮಿರ್ತಲೆ. "ಒಂಬತ್ತು ವರ್ಷ ಇದಕ್ಕೇ ಅಲ್ವಾ ನನ್ನ ಪ್ರಾಣ ತಿಂದಿದ್ದು?"

"ಇರು. ಜೋರಾಗಿ ಓದ್ತೀನಿ. ಎಲ್ಲಾದ್ರೂ ಎಡವಿದೆ ಅನ್ಸಿದ್ರೆ ಹೇಳು."

"ನಿಮ್ಮ ಲ್ಯಾಟಿನ್ನು ನಂಗೇನ್ ತಿಳಿಯತ್ತೆ?"

ಆದರೂ ಅವನು ತೊಡೆಯ ಮೇಲೆ ತಾಳ ಹಾಕುತ್ತಾ, ಬೆವರುತ್ತಾ, ನಲವತ್ತು ಸಾಲನ್ನೂ ಓದಿದ. ಅವಳು ಬಾಗಿಲಿಗೊರಗಿ ಪೂರ್ತಿ ಕೇಳಿದಳು.

"ಎಲ್ಲಾ ಚೆನ್ನಾಗೇ ಕೇಳಿಸ್ತಪ್ಪ ನಂಗೆ," ಎಂದಳು.

ಅಲ್ಬಿಡಿಯುಸ್ ಬಿಚ್ಚಿದ ಗಂಟಿನ ಮೇಲೆಯೇ ಕುಸಿದು ಕೂತ.

"ನಂಗೂ," ಎಂದ.