ಸೋಲೊಪ್ಪದ ಸೂಕ್ಷ್ಮಾಸುರ

ತಪ್ಪಾದದ್ದು ಪಾತ್ರ ಹಂಚುವಾಗಲೇ. ಕಾಪುವಿನಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಭವ್ಯಶ್ರೀ, ಆ್ಯಂಟಿಬಯೋಟಿಕ್ ಬಗ್ಗೆ ಜನರಿಗೆ ತಿಳಿಸಲೆಂದು ತಾನೇ ಒಂದು ತಾಳಮದ್ದಲೆ ಬರೆದು, ರೋಗಾಣು ಸೂಕ್ಷ್ಮಾಸುರನ ಪಾತ್ರವನ್ನು ದೂಮಪ್ಪನವರಿಗೆ ಕೊಟ್ಟಳು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ದೂಮಪ್ಪನವರೋ ಮೂವತ್ತು ವರ್ಷ ಬಂದರಿನಲ್ಲಿ ಮೀನು ಹರಾಜು ಕೂಗಿದವರು. ಅವರ ರಾಕ್ಷಸರು ಬಾಣ ತಾಗಿ ಬಿದ್ದ ಮೇಲೂ ಅರ್ಧ ಗಂಟೆ ವಾದಿಸುತ್ತಾರೆ.

"ಹತ್ತು ನಿಮಿಷದಲ್ಲಿ ಸೋಲಬೇಕು, ದೂಮಪ್ಪಣ್ಣ," ಎಂದು ಮೊದಲೇ ಹೇಳಿದ್ದಳು.

"ಸೋಲುವ, ಅದಕ್ಕೆಂತ."

ಭಾನುವಾರ ಮಧ್ಯಾಹ್ನ, ಯುವಕ ಮಂಡಲದ ಹಾಲಿನಲ್ಲಿ, ನಲವತ್ತೈದನೇ ನಿಮಿಷಕ್ಕೂ ಸೂಕ್ಷ್ಮಾಸುರ ಸೋತಿರಲಿಲ್ಲ. ಔಷಧದೇವಿಯಾಗಿ ಎದುರು ಕೂತ ಭವ್ಯಶ್ರೀಯ ಗಂಟಲು ಒಣಗಿತ್ತು.

"ದೇವಿ, ಶೀತಕ್ಕೂ ನಿನ್ನನ್ನೇ ನುಂಗುತ್ತಾರೆ. ಶೀತ ವೈರಸ್ಸಿನ ಕೆಲಸ, ನನ್ನದಲ್ಲ. ಆದರೂ ಆ ನೆಪದಲ್ಲಿ ನಿನ್ನ ಪಟ್ಟುಗಳನ್ನೆಲ್ಲ ನನ್ನ ಮಕ್ಕಳು ಕಲಿತುಬಿಟ್ಟರು. ಪುಕ್ಕಟೆ ಗರಡಿ."

ಸಭೆ ಚಪ್ಪಾಳೆ ತಟ್ಟಿತು. ಪದ ಹಾಡಲು ಭಾಗವತಿಕೆಗೆ ಕೂತಿದ್ದ ಜಿತೇಂದ್ರ ಬಾಗಿ ಪಿಸುಗುಟ್ಟಿದ: "ಬೇಗ ಕೊಲ್ಲಿ ಮೇಡಂ. ಸಜ್ಜಿಗೆ ತಣಿಯುತ್ತಾ ಉಂಟು."

"ನನ್ನನ್ನು ಕೊಲ್ಲಲು ಏಳು ದಿನ ಬೇಕು," ದೂಮಪ್ಪನವರು ಮೈಕನ್ನು ಹತ್ತಿರ ಎಳೆದುಕೊಂಡರು. "ಯಾವ ಮನುಷ್ಯ ಏಳು ದಿನ ನುಂಗುತ್ತಾನೆ? ನಾನು ವಾಸವಿರುವ ಮನೆಯ ಯಜಮಾನನನ್ನೇ ನೋಡು. ಕಾಲಿಗೆ ಮೀನಿನ ಮುಳ್ಳು ಹೊಕ್ಕು ಬಾತಿತು. ನಾಲ್ಕು ದಿನ ನುಂಗಿದ, ಬಾವು ಇಳಿಯಿತು. ಇವತ್ತು ಬೆಳಿಗ್ಗೆ ನಿಲ್ಲಿಸಿದ."

ಭವ್ಯಶ್ರೀ ಅವರ ಎಡಗಾಲಿನ ಬ್ಯಾಂಡೇಜನ್ನು ನೋಡಿದಳು. ಕಟ್ಟಿದವಳು ಅವಳೇ. ಸಕ್ಕರೆ ಕಾಯಿಲೆಯವರ ಕಾಲು. ನಂಜು ಮತ್ತೆ ಏರಿದರೆ ಬೆರಳು ಉಳಿಯುವ ಭರವಸೆಯಿಲ್ಲ.

"ಅಸುರನೇ, ಆ ಯಜಮಾನನ ಹೆಸರೇನು?"

ದೂಮಪ್ಪನವರು ಎಡಗಾಲನ್ನು ಪಂಚೆಯೊಳಗೆ ಎಳೆದುಕೊಂಡರು.

ಮುಂದಿನ ಸಾಲಿನಿಂದ ಅವರ ಹೆಂಡತಿ ನಳಿನಾಕ್ಷಿ ಎದ್ದರು. "ನಿಲ್ಲಿಸಿದ್ದಾ? ಬೆಳಿಗ್ಗೆ ನಾನು ಕೈಗೆ ಕೊಟ್ಟದ್ದು ಎಂತ ಆಯಿತು?"

"ದಾಸವಾಳದ ಬುಡಕ್ಕೆ ಹೋಯಿತು," ಎಂದರು ದೂಮಪ್ಪ. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು.

ಹಾಲ್ ನಕ್ಕಿತು. ನಳಿನಾಕ್ಷಿ ನಗಲಿಲ್ಲ. ಬ್ಯಾಗಿನಿಂದ ಮಾತ್ರೆಯನ್ನೂ ನೀರಿನ ಬಾಟಲಿಯನ್ನೂ ತೆಗೆದು ಗಂಡನ ಮುಂದೆ ಇಟ್ಟರು.

ಭವ್ಯಶ್ರೀ ದೇವಿಯ ದನಿ ಬಿಟ್ಟು ತನ್ನ ದನಿಗೆ ಬಂದಳು. "ದೂಮಪ್ಪಣ್ಣ, ವಾದ ನೀವೇ ಗೆದ್ದದ್ದು ಅಂತ ಇಟ್ಟುಕೊಳ್ಳುವ. ಕಾಲು ನಿಮ್ಮದು ಅಲ್ವಾ?"

ಅವರು ಮಾತ್ರೆಯನ್ನು ಹರಾಜಿಗೆ ಬಂದ ಅಂಜಲ್ ಮೀನಿನಂತೆ ತಿರುಗಿಸಿ ನೋಡಿದರು.

"ಅಸುರ ಸೋಲೊಪ್ಪುವುದಿಲ್ಲ," ಎಂದರು ಕೊನೆಗೆ. "ದೂಮಪ್ಪನ ವಿಷಯ ಬೇರೆ."

ನುಂಗಿದ ಗುಟುಕು ಹಿಂದಿನ ಸಾಲಿನ ತನಕ ಕೇಳಿಸಿತು.

"ಮಂಗಳ ಹಾಡಲಾ?" ಜಿತೇಂದ್ರ ತಾಳ ಎತ್ತಿಕೊಂಡ.

"ನೀವು ಹಾಡಿ. ಇವರದ್ದು ಇನ್ನೂ ಎರಡು ದಿನ ಉಂಟು," ಎಂದು ನಳಿನಾಕ್ಷಿ ಅಸುರನ ಪಕ್ಕದಲ್ಲೇ ಕೂತರು.